ನಡುಹೊಳೆಯಲ್ಲಿ ನಿಲ್ಲುವ ಎಂಜಿನ್ನು

ದೋಣಿಯ ಎಂಜಿನ್ನು ನಡುಹೊಳೆಯಲ್ಲಿ ಬಂದ್ ಬಿದ್ದರೆ ಮೊದಲು ಏನು ಕೇಳಿಸುತ್ತದೆ ಗೊತ್ತೆ?

ನೀರು.

ಅಷ್ಟು ಹೊತ್ತು ಕಿವಿ ಕಿತ್ತುಹೋಗುವಂತೆ ಬಡಿದುಕೊಳ್ಳುತ್ತಿದ್ದ ಡೀಸೆಲ್ ಎಂಜಿನ್ನು ಒಮ್ಮೆ ಮುಕ್ಕರಿಸಿ, ಒಮ್ಮೆ ಕೆಮ್ಮಿ, ಸುಮ್ಮನಾಯಿತು. ದೋಣಿಯ ಪಕ್ಕಕ್ಕೆ ಕೃಷ್ಣೆಯ ನೀರು ಚಪ್ ಚಪ್ ಎಂದು ಬಡಿಯುವುದು ಕೇಳಿತು. ಆಮೇಲೆ, ದೂರದಿಂದ, ಇನ್ನೊಂದು ಸದ್ದು. ಕೆಳಗಿನ ಬಾಂದಾರದ ಮೇಲಿಂದ ನೀರು ಧುಮುಕುವ ಸದ್ದು. (ಬಾಂದಾರ ಅಂದರೆ ಹೊಳೆಗೆ ಅಡ್ಡ ಕಟ್ಟಿದ ಒಡ್ಡು. ದಂಡೆಯ ಮೇಲೆ ನಿಂತು ಫೋಟೊ ತೆಗೆದುಕೊಳ್ಳಲು ಬಹಳ ಚೆಂದ. ಎಂಜಿನ್ನು ನಿಂತ ದೋಣಿಯಲ್ಲಿ ಕುಳಿತು ನೋಡಲು ಅಷ್ಟು ಚೆಂದ ಅಲ್ಲ.)

ದೋಣಿ ನಿಧಾನಕ್ಕೆ ಮೂತಿ ತಿರುಗಿಸಿ ಆ ಸದ್ದಿನ ಕಡೆಗೆ ಹೊರಟಿತು.

ನಾನು "ಅಯ್ಯಯ್ಯೋ" ಎಂದೆ. ನನ್ನನ್ನು ಬಿಟ್ಟು ಬೇರೆ ಯಾರೂ ಏನೂ ಅನ್ನಲಿಲ್ಲ. ದೋಣಿಯ ತುಂಬ ಹೆಂಗಸರು. ತೊಡೆಯ ಮೇಲೆ ರೊಟ್ಟಿ ಗಂಟು. ಗಂಗವ್ವ ಎಂಬ ಗಟ್ಟಿಮುಟ್ಟಾದ ಹೆಂಗಸು ಹುಟ್ಟು ಎತ್ತಿಕೊಂಡು ನೀರಿಗೆ ಹಾಕಿದಳು. ಎದುರು ಕುಳಿತವಳು ಇನ್ನೊಂದು ಹುಟ್ಟು ಹಿಡಿದಳು. ಉಳಿದವರು ಹಿಂದೆ ತಿರುಗಿ ನನ್ನ ಅಕ್ಕನನ್ನು ನೋಡಿದರು.

ನನ್ನ ಅಕ್ಕ ರಾಜಮತಿ ಆ ದೋಣಿಯನ್ನು ನಡೆಸುವವಳು. ಚುಕ್ಕಾಣಿ ಬಿಟ್ಟು ಎಂಜಿನ್ನಿನ ಹತ್ತಿರ ಕುಕ್ಕರುಗಾಲಲ್ಲಿ ಕುಳಿತಳು. ಟಾಕಿಯ ಮುಚ್ಚಳ ತಿರುವಿ ಒಳಗೆ ಇಣುಕಿದಳು. "ಡೀಸೆಲ್ ಐತಿ" ಎಂದು ತನಗೇ ಹೇಳಿಕೊಂಡು ಮತ್ತೆ ಮುಚ್ಚಿದಳು. ಪಾನಾ ತೆಗೆದು ಪೈಪಿನ ನಟ್ಟು ಸಡಿಲಿಸಿದಳು. ಬುರುಬುರು ನೊರೆ ಬಂತು. ನಟ್ಟು ಬಿಗಿದಳು. ಹ್ಯಾಂಡಲ್ ಹಾಕಿ ಸೊಂಟದ ಬಲವನ್ನೆಲ್ಲ ಸೇರಿಸಿ ತಿರುಗಿಸಿದಳು.

ಡುಗ್. ಡುಗ್. ಡುಗುಡುಗುಡುಗು.

"ಏರ್ ಹಿಡದಿತ್ತು" ಎಂದಳು, ಸೆರಗಿನಿಂದ ಕೈ ಒರೆಸುತ್ತ. "ದಿನಾ ಇದ ಹಾಡು. ಅದಕ್ಕ ನಿನ್ನ ಕರದೆ."

ನನ್ನನ್ನು ಕರೆಯಲು ನಾನೇನು ಎಂಜಿನ್ ಮಿಸ್ತ್ರಿಯೇ? ನೀವು ಬಲ್ಲಿರಿ, ನಾನು ಚಿಕ್ಕೋಡಿಯಲ್ಲಿ ಬ್ಲೌಸು ಹೊಲಿಯುವವಳು. ವಾರಕ್ಕೊಮ್ಮೆ ಈ ಅಂಕಣ ಹೊಲಿಯುತ್ತೇನೆ, ಅಷ್ಟೆ. ಆದರೆ ಅಕ್ಕನ ಲೆಕ್ಕವೇ ಬೇರೆ. ಚಿಕ್ಕವಳಿದ್ದಾಗ ಅವ್ವನ ಹೊಲಿಗೆ ಮೆಷಿನ್ನು ಬಿಚ್ಚಿ ಕೂತವಳು ನಾನು. ಹಾಗಾಗಿ ಭೂಮಿಯ ಮೇಲೆ ತಿರುಗುವ ಎಲ್ಲ ಯಂತ್ರಗಳೂ ನನ್ನ ಇಲಾಖೆಗೆ ಬರುತ್ತವೆ.

ಸ್ವಲ್ಪ ಹಿನ್ನೆಲೆ ಹೇಳಬೇಕು. ಅಕ್ಕನನ್ನು ಕೊಟ್ಟ ಊರು ಹೊಳೆಯ ದಂಡೆಯ ಮೇಲಿದೆ. ಈ ದಂಡೆ ರಾಯಬಾಗ ತಾಲೂಕು, ಆ ದಂಡೆ ಅಥಣಿ. ಮನೆ ಈ ಕಡೆ, ಹೊಲದ ಒಂದು ತುಂಡು ಆ ಕಡೆ. ಭಾವ ಮಹಾವೀರ ಕಬ್ಬಿನ ಸೀಜನ್ನಿನಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಾರೆ. ಕಾರ್ಖಾನೆಯ ಮುಂದೆ ಸಾಲಿನಲ್ಲಿ ನಿಂತರೆ ಮನೆಯ ಕಡೆ ಮುಖ ಹಾಕುವುದು ಯಾವಾಗಲೋ. ಆದ್ದರಿಂದ ದೋಣಿ ಅಕ್ಕನ ಕೈಗೆ ಬಂತು. ಆಚೆ ದಂಡೆಯ ಹೊಲದಲ್ಲಿ ಅಕ್ಕನೂ ಗಂಗವ್ವನೂ ಓಣಿಯ ಇನ್ನಷ್ಟು ಹೆಂಗಸರೂ ಕೂಡಿ ಮೆಣಸಿನಕಾಯಿ ಹಚ್ಚಿದ್ದಾರೆ. ಕೂಲಿ ಅಲ್ಲ, ಪಾಲುದಾರಿಕೆ. ಯಾರ ಅಪ್ಪಣೆಯೂ ಇಲ್ಲದೆ ಅವರೇ ಮಾತಾಡಿಕೊಂಡು, ಅವರೇ ನಾಟಿ ಮಾಡಿ, ಈಗ ಅವರೇ ಗಿಡದಿಂದ ಕಾಯಿ ಹರಿಯುತ್ತಿರುವ ಬೆಳೆ.

ದೋಣಿ ಇಲ್ಲದಿದ್ದರೆ? ಸೇತುವೆ ಇದೆ. ಎರಡು ಬಸ್ಸು ಬದಲಿಸಿ, ಆಮೇಲೆ ಕಾಲುಹಾದಿ ತುಳಿದು ಹೋಗಬಹುದು. ಹಾಗೆ ಹೋದವರು ತಿರುಗಿ ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತದೆ. ಹೊತ್ತು ಮುಳುಗುವುದರೊಳಗೆ ಉಂಡು ಮುಗಿಸುವ ಜೈನರ ಮನೆಯ ಸೊಸೆ ಯಾವಾಗ ಬಂದು ಯಾವಾಗ ಒಲೆ ಹಚ್ಚಬೇಕು? ಗಂಗವ್ವನ ಎಮ್ಮೆಯನ್ನು ಯಾರು ಹಿಂಡಬೇಕು? ಅಂದರೆ ದೋಣಿ ನಿಂತರೆ ಹೊಲವೂ ನಿಂತಂತೆ. ಇದು ಹೆಂಗಸರಿಗೆ ಗೊತ್ತು.

ದೋಣಿ ನಿಲ್ಲಿಸಬೇಕು ಅನ್ನುವವರಿಗೂ ಗೊತ್ತು.

ಅವತ್ತು ಸಂಜೆ ಹೆಂಗಸರನ್ನೂ ಮೆಣಸಿನಕಾಯಿ ಚೀಲಗಳನ್ನೂ ಹೇರಿಕೊಂಡು ಈ ದಂಡೆಗೆ ಬಂದೆವು. (ಬರುವಾಗ ಎಂಜಿನ್ನು ಒಮ್ಮೆಯೂ ನಿಲ್ಲಲಿಲ್ಲ, ಕತ್ತೆ!) ದಂಡೆಯ ಮೇಲೆ ಅಣ್ಣಾಸಾಹೇಬರು ನಿಂತಿದ್ದರು. ಮಹಾವೀರ ಭಾವನ ಅಣ್ಣ, ಮನೆಯ ಹಿರಿಯರು. ಬಿಳಿ ಟೋಪಿ, ಇಸ್ತ್ರಿ ಮಾಡಿದ ಧೋತರ. ಅಕ್ಕನಿಗೆ ಭಾವ, ನನಗೂ ಭಾವ. ಊರಿನಲ್ಲಿ ಅವರು ಎದ್ದು ನಿಂತರೆ ಕುಳಿತವರು ಮಾತು ನಿಲ್ಲಿಸುತ್ತಾರೆ.

"ಮುಂಜಾನೆ ಮತ್ತ ಬಂದ್ ಬಿದ್ದಿತ್ತಂತ?" ಎಂದರು.

"ಬಿದ್ದಿತ್ರಿ. ಚಾಲೂ ಆತು" ಎಂದಳು ಅಕ್ಕ.

"ಬಾಂದಾರದ ಕಡೆ ಹೊಂಟಿತ್ತಂತ?"

"ಸ್ವಲ್ಪ."

"ಸ್ವಲ್ಪ!" ಅಣ್ಣಾಸಾಹೇಬರ ದನಿ ಏರಿತು. "ನಾಳೆ ಒಬ್ಬಾಕಿ ನೀರಾಗ ಬಿದ್ರ ಅಕಿ ಗಂಡಗ ಯಾರು ಹೇಳಬೇಕು? ನೀ ಹೇಳತೀಯೋ, ನಾ ಹೇಳಬೇಕೋ? ಸಾಕು ಮಾಡ್ರಿ. ನಾಳೆಯಿಂದ ಬೋಟ ಬಂದ್. ಆ ಕಡೆ ಹೊಲಾ ಅಲ್ಲಿಯವರಿಗೇ ಪಾಲಿಗೆ ಕೊಡೂನು. ಹೆಂಗಸರ ಕೈಯಾಗ ಎಂಜಿನ್ ಕೊಟ್ರ ಹಿಂಗ ಆಗೂದು."

ನೋಡಿ, ಅವರ ಅಂಜಿಕೆ ಸುಳ್ಳಲ್ಲ. ಬೆಳಿಗ್ಗೆ ನಾನೂ ಅಯ್ಯಯ್ಯೋ ಅಂದವಳೇ. ಮೊದಲ ಮಾತಿಗೆ ನಾನೂ ತಲೆಯಾಡಿಸುವವಳಿದ್ದೆ. ಆದರೆ ಆ ಕೊನೆಯ ಮಾತು ಇದೆಯಲ್ಲ? ಅದು ಎಲ್ಲಿಂದ ಬಂತು? ಅಕ್ಕ ಪಾಲಭಾವಿಯಿಂದ ಕರೆಸಿದ ಮಿಸ್ತ್ರಿ ಗಂಡಸೇ. ಅವನು ಬಂದು ಫಿಲ್ಟರ್ ಬದಲಿಸಿ ಹೋದ, ಎಂಜಿನ್ನು ನಿಂತಿತು. ಮತ್ತೆ ಬಂದು ಪೈಪು, ವಾಶರು ಬದಲಿಸಿ ಹೋದ, ಎಂಜಿನ್ನು ನಿಂತಿತು. ಅವನ ಕೈಯಲ್ಲಿ ಯಾವ ದೋಷವೂ ಯಾರಿಗೂ ಕಾಣಲಿಲ್ಲ. ಚುಕ್ಕಾಣಿ ಹಿಡಿದ ಕೈಯಲ್ಲಿ ಬಳೆ ಇದೆ ಅನ್ನುವುದು ಮಾತ್ರ ಊರಿಗೆಲ್ಲ ಕಂಡಿತು.

ಎಂಜಿನ್ನು ಕೆಟ್ಟರೆ ಎಂಜಿನ್ನು ನೋಡಬೇಕೋ, ಅದನ್ನು ನಡೆಸುವವರ ಸೀರೆ ನೋಡಬೇಕೋ?

ಅಕ್ಕ ತಲೆ ತಗ್ಗಿಸಿ ಹಗ್ಗ ಕಟ್ಟುತ್ತಿದ್ದಳು. ಗಂಟು ಬಿಗಿದು ಮುಗಿದ ಮೇಲೆ ಎದ್ದು ನಿಂತಳು. ಭಾವನ ಎದುರು ಅವಳು ಯಾವತ್ತೂ ದನಿ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ.

"ಭಾವಾರ, ಹೋದ ಸಲ ನಿಮ್ಮ ಟ್ರ್ಯಾಕ್ಟರ್ ರಸ್ತಾದಾಗ ನಿಂತಿತ್ತಲ್ರಿ, ಕಬ್ಬ ಹೇರಿದ್ದು?"

"ಹೂಂ. ಅದಕ್ಕೇನ?"

"ಟ್ರ್ಯಾಕ್ಟರ್ ಕೆಟ್ರ ಮಿಸ್ತ್ರೀನ ಕರಸ್ತೀರಿ. ಬೋಟ ಕೆಟ್ರ ಊರ ಮಂದೀನ ಕರಸ್ತೀರಿ. ಯಾಕ್ರಿ?"

ದಂಡೆಯ ಮೇಲೆ ನಿಂತಿದ್ದ ನಾಲ್ಕಾರು ಜನ ಇದ್ದಕ್ಕಿದ್ದಂತೆ ಹೊಳೆ ನೋಡತೊಡಗಿದರು. ಗಂಗವ್ವ ಸೆರಗು ಬಾಯಿಗಿಟ್ಟು ಕೆಮ್ಮಿದಳು. (ಅದು ಕೆಮ್ಮಲ್ಲ ಅಂತ ನನಗೆ ಗೊತ್ತು.)

ಅಣ್ಣಾಸಾಹೇಬರು ಟೋಪಿ ಸರಿಮಾಡಿಕೊಂಡರು. "ರಿಪೇರಿ ಆಗೂತನಾ ಬೋಟಿನ್ಯಾಗ ಯಾರೂ ಕುಂಡ್ರಂಗಿಲ್ಲ" ಎಂದು ಹೇಳಿ ಹೊರಟರು.

"ನಾ ಕುಂಡ್ರತೇನಿ" ಎಂದಳು ಅಕ್ಕ, ಅವರ ಬೆನ್ನಿಗೆ.

"ನಾನೂ" ಎಂದು ನನ್ನ ಬಾಯಿಂದಲೂ ಬಂದುಬಿಟ್ಟಿತು. ಚಿಕ್ಕೋಡಿಯಲ್ಲಿ ಮದುವೆ ಸೀಜನ್ನಿನ ಬ್ಲೌಸುಗಳು ರಾಶಿ ಬಿದ್ದಿದ್ದವು. (ಗಿರಾಕಿಗಳೇ, ನಿಮ್ಮ ಬ್ಲೌಸು ತಡವಾದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ? ಕ್ಷಮೆ ಇರಲಿ.)

ಮರುದಿನ ಬೆಳಿಗ್ಗೆ ದೋಣಿಯ ಅಂಚಿನ ಮೇಲೆ ಕುಳಿತು ಅಕ್ಕನನ್ನು ವಕೀಲರಂತೆ ವಿಚಾರಿಸಿದೆ. ಹೊಲಿಗೆ ಮೆಷಿನ್ನಿನಲ್ಲಿ ದಾರ ಪದೇ ಪದೇ ತುಂಡಾಗುತ್ತಿದ್ದರೆ ನಾವೇನು ಮಾಡುತ್ತೇವೆ? ಸೂಜಿ ಬದಲಿಸಿ ಹೊಲಿದು ನೋಡುತ್ತೇವೆ. ಆಗಲಿಲ್ಲವೋ, ದಾರ ಬದಲಿಸುತ್ತೇವೆ. ಆಗಲಿಲ್ಲವೋ, ಬಾಬಿನ್ನು. ಒಂದು ಸಲಕ್ಕೆ ಒಂದೇ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಎಲ್ಲಿತ್ತು ಅಂತ ಜನ್ಮಕ್ಕೂ ತಿಳಿಯುವುದಿಲ್ಲ.

"ಯಾವಾಗ ನಿಂದರತೈತಿ?"

"ಮುಂಜಾನೆ. ಹೋಗೂ ಮುಂದ."

"ಸಂಜೀಕ?"

ಅಕ್ಕ ಯೋಚಿಸಿದಳು. "ಸಂಜೀಕ ಒಂದಿನಾನೂ ನಿಂತಿಲ್ಲ. ಹೌದಲ್ಲ? ಖರೇನ ನಿಂತಿಲ್ಲ ನೋಡ."

"ಮಂದಿ ಭಾಳ ಆಗಿದ್ದಕ್ಕ ನಿಂದರತೈತಿ ಅಂತಾರಲ್ಲ?"

"ಸಂಜೀಕ ಅದ ಮಂದಿ, ಮ್ಯಾಲ ಚೀಲಾ ಬ್ಯಾರೆ."

ಭಾರದ ಮಾತು ಅಲ್ಲಿಗೆ ಮುಗಿಯಿತು. ಬಿಸಿಯಾಗಿ ನಿಲ್ಲುತ್ತದೆ ಅಂತ ಕೆಲವರ ವಾದ. ಬೆಳಗಿನ ಚಳಿಯಲ್ಲಿ ನಿಂತು, ಮಧ್ಯಾಹ್ನದ ಬಿಸಿಲಿನಲ್ಲಿ ಓಡುವ ಎಂಜಿನ್ನಿಗೆ ಎಂಥ ಬಿಸಿ? ಅದೂ ಮುಗಿಯಿತು. ನೀರೊಳಗಿನ ಪಂಖಕ್ಕೆ ಜೇಕಿನ ಕಳೆ ಸುತ್ತಿಕೊಳ್ಳುತ್ತದೆ ಅಂತ ಇನ್ನೊಬ್ಬರು. ಗಂಗವ್ವ ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿಗಿಳಿದು, ಪಂಖದ ಸುತ್ತ ಕೈಯಾಡಿಸಿ ಬಂದಳು. ಜೇಕೂ ಇಲ್ಲ, ಹುಲ್ಲೂ ಇಲ್ಲ.

"ಮತ್ತ ಬೆಳಿಗ್ಗೀಗೂ ಸಂಜಿಗೂ ಫರಕ್ ಏನ?" ಎಂದೆ.

"ಏನೂ ಇಲ್ಲ. ಮುಂಜಾನೆ ಟಾಕಿ ಕಂಠಮಟ ತುಂಬಿಸಿರತೇನಿ. ದಿನವೆಲ್ಲ ಆ ದಂಡೀಗುಂಟ ಚೀಲಾ ಹೊತ್ತ ಅಡ್ಡಾಡಿ ಸಂಜಿಗೆ ಅರ್ಧಕ್ಕ ಬಂದಿರತೈತಿ. ಅಷ್ಟ."

ತುಂಬಿದ ಟಾಕಿ ಇದ್ದಾಗ ನಿಲ್ಲುತ್ತದೆ. ಅರ್ಧವಿದ್ದಾಗ ಓಡುತ್ತದೆ. ಇದೆಂಥ ತಿರುಗುಮುರುಗು ಎಂಜಿನ್ನು? ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅರ್ಥವಾಗಲಿಲ್ಲ. ಆದರೆ ಎಲ್ಲೋ ಏನೋ ಸಿಗುತ್ತಿದೆ ಅಂತ ಇಬ್ಬರಿಗೂ ಅನಿಸಿತು.

"ದಂಡೀಮ್ಯಾಗ ಚಾಲೂ ಮಾಡಿ ನೋಡೂನು" ಎಂದೆ.

"ದಂಡೀಮ್ಯಾಗ ಕುದರಿಗತೆ ಓಡತೈತಿ. ಮಿಸ್ತ್ರಿ ಬಂದಾಗೆಲ್ಲ ಓಡೇತಿ. ನಿಂದರೂದು ನಡೂ ನೀರಾಗ. ನಡೂ ನೀರಾಗ ಹೋಗೇ ನೋಡಬೇಕು."

ನಡುನೀರಿಗೆ ಹೋಗಿ, ಬೇಕಂತಲೇ ಎಂಜಿನ್ನು ನಿಲ್ಲುವುದನ್ನು ಕಾಯುವುದು! ಬಾಂದಾರ ತನ್ನ ಪಾಡಿಗೆ ತಾನು ಸದ್ದು ಮಾಡುತ್ತಿತ್ತು. ನನ್ನ ಧೈರ್ಯ ಮೆಲ್ಲಗೆ ಚಿಕ್ಕೋಡಿ ಬಸ್ಸಿನ ಟೈಮು ನೆನಪಿಸಿಕೊಳ್ಳತೊಡಗಿತು.

ಆಗ ಗಂಗವ್ವ ಹಗ್ಗ ತಂದಳು. ಒಂದಲ್ಲ, ಓಣಿಯ ಮನೆಮನೆಗಳಿಂದ ಬಂದ ಹಗ್ಗಗಳು. ಬಾವಿ ಹಗ್ಗ, ಕಬ್ಬಿನ ಗಾಡಿಗೆ ಬಿಗಿಯುವ ನೈಲಾನ್ ಹಗ್ಗ, ಎಮ್ಮೆ ಕಟ್ಟುವ ದಾವಣಿ ಹಗ್ಗ. ಒಂದಕ್ಕೊಂದು ಗಂಟು ಹಾಕಿ ಉದ್ದ ಮಾಡಿ, ಒಂದು ತುದಿಯನ್ನು ದೋಣಿಯ ಮೂತಿಗೆ ಕಟ್ಟಿದರು. ಇನ್ನೊಂದು ತುದಿಯನ್ನು ದಂಡೆಯ ಜಾಲಿ ಮರಕ್ಕೆ ಸುತ್ತಿ, ಹೆಂಗಸರು ಸಾಲಾಗಿ ನಿಂತು ಹಿಡಿದರು.

"ನೀವು ಹೋಗ್ರಿ ಅಕ್ಕಾರ" ಎಂದಳು ಗಂಗವ್ವ. "ಬಾಂದಾರ ಜಗ್ಗಲಿ, ನಾವೂ ಜಗ್ಗತೇವಿ. ನೋಡೂನು ಯಾರ ಕೈ ಗಟ್ಟಿ ಐತಿ."

ಅಕ್ಕ ಎಂದಿನಂತೆ ಟಾಕಿ ಕಂಠಮಟ್ಟ ತುಂಬಿಸಿ, ಮುಚ್ಚಳ ಬಿಗಿದಳು. ಹೊರಟೆವು. ನಾವಿಬ್ಬರೇ. ದಂಡೆಯ ಮೇಲೆ ಹಗ್ಗ ಕೈಯಿಂದ ಕೈಗೆ ಸಡಿಲವಾಗುತ್ತ ಬಂತು. ಹೊಳೆ ಅಗಲವಾಗುತ್ತ ಹೋಯಿತು. ಜಾಲಿ ಮರ ಸಣ್ಣದಾಯಿತು. ಹಗ್ಗ ಎಳೆದುಕೊಂಡು ಬಿಗಿಯಾದಲ್ಲಿ ದೋಣಿ ನಿಂತು, ಎಂಜಿನ್ನು ಮಾತ್ರ ಓಡುತ್ತಿತ್ತು. ನಾವು ಅದರ ಮುಖ ನೋಡುತ್ತ ಕುಳಿತೆವು. ಹೆರಿಗೆ ಕೋಣೆಯ ಹೊರಗೆ ಕುಳಿತವರ ಹಾಗೆ.

ಮುಕ್ಕರಿಸಿತು. ಕೆಮ್ಮಿತು. ನಿಂತಿತು.

ದೋಣಿ ಬಾಂದಾರದ ಕಡೆ ಸರಿಯಿತು. ಹಗ್ಗ ಟಣ್ಣನೆ ಬಿಗಿದುಕೊಂಡಿತು. ದಂಡೆಯ ಮೇಲಿನ ಸಾಲು ಒಂದು ಹೆಜ್ಜೆ ಮುಂದಕ್ಕೆ ಬಂತು, ಆಮೇಲೆ ಕಾಲೂರಿ ನಿಂತಿತು. ಹಿಡಿದಿದ್ದರು.

ಅಕ್ಕನ ಕೈ ರೂಢಿಯಂತೆ ಟಾಕಿಯ ಮುಚ್ಚಳಕ್ಕೆ ಹೋಯಿತು.

"ತಡಿ!" ಎಂದೆ. "ಒಂದ ಸಲಕ್ಕ ಒಂದ. ಟಾಕಿ ಮುಟ್ಟಬ್ಯಾಡ. ಮೊದಲ ನಟ್ಟ ಬಿಚ್ಚು."

ಅಕ್ಕ ಪಾನಾ ಹಾಕಿ ಪೈಪಿನ ನಟ್ಟು ಸಡಿಲಿಸಿದಳು. ಡೀಸೆಲ್ ಸುರಿಯಬೇಕು. ಟಾಕಿ ಮೇಲಿದೆ, ಪೈಪು ಕೆಳಗಿದೆ, ಟಾಕಿ ತುಂಬಿದೆ. ಸುರಿಯದೆ ಎಲ್ಲಿಗೆ ಹೋಗುತ್ತದೆ?

ಒಂದು ಹನಿಯೂ ಬರಲಿಲ್ಲ.

"ಎಲ್ಲಿ ಹೋತ?" ಎಂದಳು ಅಕ್ಕ.

"ಈಗ ಮುಚ್ಚಳ ತಗಿ. ಸಾವಕಾಶ."

ಅಕ್ಕ ಮುಚ್ಚಳ ತಿರುವಿದಳು. ಅದು ಸಡಿಲವಾದ ಕ್ಷಣ 'ಸುಸ್ಸ್' ಎಂಬ ಸದ್ದು ಬಂತು. ಒಳಗಿನಿಂದ ಹೊರಗೆ ಅಲ್ಲ, ಹೊರಗಿನಿಂದ ಒಳಗೆ. ಬಹಳ ಹೊತ್ತು ನೀರಲ್ಲಿ ಮುಳುಗಿದ್ದವರು ಮೇಲೆದ್ದು ಉಸಿರೆಳೆದುಕೊಂಡ ಹಾಗೆ. ಅದೇ ಕ್ಷಣ ಕೆಳಗಿನ ನಟ್ಟಿನಿಂದ ಡೀಸೆಲ್ ಚಿಮ್ಮಿ ನನ್ನ ಸೀರೆಯ ಮೇಲೆ ಬಿತ್ತು. (ಹೊಸ ಸೀರೆ. ಇರಲಿ.)

ಅಕ್ಕ ನಟ್ಟು ಬಿಗಿದು, ಮುಚ್ಚಳವನ್ನು ಕೈಯಲ್ಲಿ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದಳು. ಮೇಲೆ ದಪ್ಪಗೆ ಕೆಂಪು ಆಯಿಲ್ ಪೇಂಟು. ಮಿರಿಮಿರಿ ಹೊಳೆಯುತ್ತಿತ್ತು. ಉಗುರಿನಿಂದ ನಡುವೆ ಕೆರೆದಳು. ತಲೆಯ ಪಿನ್ನು ತೆಗೆದು ಚುಚ್ಚಿದಳು. ಪೇಂಟಿನ ಪದರ ಬಿರಿದು, ಒಳಗಿನಿಂದ ಒಂದು ಸಣ್ಣ ತೂತು ಕಂಡಿತು.

ಅಷ್ಟೇ ಕಥೆ. ಟಾಕಿಯಿಂದ ಡೀಸೆಲ್ ಇಳಿದಂತೆಲ್ಲ ಆ ಜಾಗಕ್ಕೆ ಗಾಳಿ ಹೋಗಬೇಕು. ಗಾಳಿ ಹೋಗಲೆಂದೇ ಮುಚ್ಚಳಕ್ಕೆ ತೂತು. ತೂತು ಮುಚ್ಚಿದರೆ ಡೀಸೆಲ್ ಇಳಿಯುವುದಿಲ್ಲ, ಎಂಜಿನ್ನು ಉಪವಾಸ ಬಿದ್ದು ನಿಲ್ಲುತ್ತದೆ. ಟಾಕಿ ಅರ್ಧ ಇದ್ದಾಗ ಒಳಗೆ ಬೇಕಾದಷ್ಟು ಗಾಳಿ ಇರುತ್ತದೆ, ಹೇಗೋ ಹೊಳೆ ದಾಟಿಸುತ್ತದೆ. ತುಂಬಿದಾಗ ಅದೂ ಇಲ್ಲ. ದಂಡೆಯ ಮೇಲೆ ಮಿಸ್ತ್ರಿ ಪ್ರತಿ ಸಲ ಮುಚ್ಚಳ ತೆಗೆದಿಟ್ಟೇ ಕೆಲಸ ಮಾಡುತ್ತಿದ್ದ, ಕುದುರೆಯಂತೆ ಓಡುತ್ತಿತ್ತು. ನಡುಹೊಳೆಯಲ್ಲಿ ಅಕ್ಕ ದಿನವೂ ಮುಚ್ಚಳ ತೆಗೆದು ಇಣುಕುತ್ತಿದ್ದಳಲ್ಲ, ರಿಪೇರಿ ಆಗುತ್ತಿದ್ದದ್ದು ಅಲ್ಲಿ. ನಟ್ಟಿಗೂ ಪಾನಾಕ್ಕೂ ಸುಮ್ಮನೆ ಕ್ರೆಡಿಟ್ಟು ಹೋಗುತ್ತಿತ್ತು.

"ಈ ಬಣ್ಣಾ ಯಾವಾಗ ಹಚ್ಚಿದ್ದು?" ಎಂದು ಕೇಳಿದೆ.

"ಖಂಡೇನವಮಿಗೆ" ಎಂದ ಅಕ್ಕ ಮುಚ್ಚಳದ ಬಣ್ಣವನ್ನು ಬೆರಳಿನಿಂದ ಸವರಿದಳು. ಆಮೇಲೆ ಹೇಳಿದಳು, "ಆಯುಧ ಪೂಜಾಕ ಅಂತ ಭಾವಾರು ಹಚ್ಚಿದ್ರು. ತಾವ ಕುಂತ, ಬ್ರಶ್ ತಗೊಂಡ. ಎರಡೆರಡ ಸಲ."

ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ. ಮುಚ್ಚಳ ಬಿಗಿದು ಹ್ಯಾಂಡಲ್ ತಿರುಗಿಸಿದಳು. ಎಂಜಿನ್ನು ಹೊತ್ತಿಕೊಂಡಿತು. ಹಗ್ಗ ಬಿಗಿದ ಜಾಗದಲ್ಲೇ ದೋಣಿ ಸುತ್ತು ಹೊಡೆಯಿತು. ನಾವು ಕಾದೆವು. ಓಡಿತು. ಮತ್ತೂ ಕಾದೆವು. ಮತ್ತೂ ಓಡಿತು. ದಂಡೆಯ ಮೇಲಿಂದ ಗಂಗವ್ವ "ಸಾಕ ಬರ್ರಿ, ಕೈ ಸೋತು" ಎಂದು ಕೂಗುವವರೆಗೆ ಓಡಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು, ಅಲ್ಲವೇ? ಕೆಟ್ಟದ್ದು ಸಿಕ್ಕಿತು, ಸರಿಯಾಯಿತು. ಹೋಗಿ ಮೆಣಸಿನಕಾಯಿ ಹರಿಯಿರಿ.

ಸಂಜೆ ಅಣ್ಣಾಸಾಹೇಬರ ಪಡಸಾಲೆಗೆ ಹೋಗಿ ಅಕ್ಕ ಹೇಳಿದಳು. "ಮುಚ್ಚಳದ ತೂತ ಮುಚ್ಚಿತ್ರಿ. ಗಾಳಿ ಆಡತಿರಲಿಲ್ಲ. ಈಗ ಸರಿ ಆತು." ಯಾರು ಮುಚ್ಚಿದ್ದು ಅನ್ನುವ ಮಾತು ತೆಗೆಯಲಿಲ್ಲ. ಅಲ್ಲಿ ಊರಿನ ಇನ್ನಿಬ್ಬರು ಕುಳಿತಿದ್ದರು. ನಾನು ಬಾಯಿ ತೆರೆದೆ. ಅಕ್ಕ ನನ್ನ ಕಾಲು ತುಳಿದಳು. ಮುಚ್ಚಿದೆ.

ಅಣ್ಣಾಸಾಹೇಬರು ಅಡಿಕೆ ಕತ್ತರಿಸುತ್ತಿದ್ದ ಅಡಕೊತ್ತು ಕೆಳಗಿಟ್ಟರು. "ಛಲೋ ಆತು. ಎಂಜಿನ್ ಸರಿ ಆತು. ಆದರ..."

ಹಾಂ, ಆದರ!

"ಆದರ ಬೋಟ ಬ್ಯಾಡ. ಇವತ್ತ ಸರಿ ಆಗೇತಿ, ನಾಳೆ ಮತ್ತೊಂದ ಕೆಡತೈತಿ. ಹೊಳಿ ಅಂದ್ರ ಹೊಳೀನ. ಹೆಂಗಸರಿಗೆ ಯಾಕ ಬೇಕ ಈ ಉಸಾಬರಿ?"

ಓದುಗರೇ, ಈ 'ಆದರೆ' ನಿಮಗೂ ಗೊತ್ತು. ರಾತ್ರಿ ಬಸ್ಸು ಇಲ್ಲ, ಕಾಲೇಜು ಬೇಡ ಅಂತಾರೆ. ಬಸ್ಸು ಬರುತ್ತದೆ. ಆದರೆ, ಅಂತಾರೆ. ಸ್ಕೂಟಿ ಕಲಿಯಬೇಡ, ರಸ್ತೆ ಸರಿ ಇಲ್ಲ ಅಂತಾರೆ. ರಸ್ತೆ ಆಗುತ್ತದೆ. ಆದರೆ, ಅಂತಾರೆ. ನಾವು ಒಂದೊಂದೇ ಕಾರಣವನ್ನು ಕಿತ್ತು ಕೈಗೆ ಕೊಟ್ಟರೂ ಅವರ ಹತ್ತಿರ ಇನ್ನೊಂದು ಇರುತ್ತದೆ. ಎಂಜಿನ್ನಿಗಾದರೂ ಒಂದು ಕಡೆ ತಪ್ಪು ಇರುತ್ತದೆ, ಹುಡುಕಿದರೆ ಸಿಗುತ್ತದೆ. ಇದನ್ನು ಯಾವ ಪಾನಾ ಹಾಕಿ ಬಿಚ್ಚುವುದು?

ನನಗೆ ಸಿಟ್ಟು ನೆತ್ತಿಗೇರಿತ್ತು. ಅಕ್ಕ ಸಮಾಧಾನದಲ್ಲಿಯೇ ಇದ್ದಳು. "ನೀವು ಅಂಜೂದು ಖರೇ ಐತ್ರಿ ಭಾವಾರ. ಅದಕ್ಕ ಟ್ರ್ಯಾಕ್ಟರಿನ ಹಳೇ ಟ್ಯೂಬ್ ಗಾಳಿ ತುಂಬಿಸಿ ಇಡಾಕ ಹೇಳೇನಿ. ಎಲ್ಲಾರಿಗೂ ಒಂದೊಂದ ಇರತಾವ. ಹುಟ್ಟೂ ಎರಡ ಜಾಸ್ತಿ ಇಡತೇನಿ. ಮುಂಜಾನೆ ಎಂಟಕ್ಕ ಬೋಟ ಬಿಡತೇನಿ."

ಕೇಳಿದ್ದಲ್ಲ. ಹೇಳಿದ್ದು. ಹೇಳಿ ಎದ್ದು ಬಂದಳು.

ಬೆಳಿಗ್ಗೆ ನಾವು ಹೋಗುವ ಮೊದಲೇ ಅಣ್ಣಾಸಾಹೇಬರು ದಂಡೆಯಲ್ಲಿದ್ದರು. ದೋಣಿಯ ಅಂಚಿನ ಮೇಲೆ ಒಂದು ಕಾಲಿಟ್ಟು ನಿಂತಿದ್ದರು. ಟ್ಯೂಬುಗಳು ಕರಿ ಗುಡ್ಡದಂತೆ ದೋಣಿಯಲ್ಲಿ ಬಿದ್ದಿದ್ದವು. ಹೆಂಗಸರು ರೊಟ್ಟಿ ಗಂಟು ಹಿಡಿದು ಬಂದರು, ಅವರನ್ನು ಕಂಡು ಅಲ್ಲಲ್ಲೇ ನಿಂತರು.

"ಯಾರೂ ಹತ್ತಬ್ಯಾಡ್ರಿ" ಎಂದರು.

ನಾನು ಅಕ್ಕನನ್ನು ನೋಡಿದೆ. ಅಕ್ಕ ಹ್ಯಾಂಡಲ್ ಹಿಡಿದು ನಿಂತಲ್ಲೇ ನಿಂತಿದ್ದಳು. ಇಷ್ಟು ವರ್ಷ ಅದೇ ಮನೆಯಲ್ಲಿ ಬಾಳಿದವಳು, ನಾಳೆಯೂ ಅಲ್ಲೇ ಬಾಳಬೇಕಾದವಳು. ನನ್ನ ಹಾಗೆ ಸಂಜೆ ಬಸ್ಸು ಹತ್ತಿ ಹೋಗುವವಳಲ್ಲ.

ಗಂಗವ್ವ ಸಾಲಿನಿಂದ ಹೊರಗೆ ಬಂದಳು. ಕಬ್ಬೂರಿನ ಮಗಳು, ಮಾತಿಗೆ ಸಾಣೆ ಹಿಡಿಯುವ ಅಗತ್ಯವಿಲ್ಲ. ಸೀದಾ ದೋಣಿಯ ಹತ್ತಿರ ಹೋಗಿ, "ಕಾಲ ತಗೀರಿ ಸಾವಕಾರ್ರ, ಸೀರಿ ಸಿಗತೈತಿ" ಎಂದಳು. ಅಷ್ಟು ವಿನಯವಾಗಿ, ಅಷ್ಟು ಸಹಜವಾಗಿ ಹೇಳಿದಳೆಂದರೆ ಅಣ್ಣಾಸಾಹೇಬರು ರೂಢಿಯಂತೆ ಕಾಲು ತೆಗೆದುಬಿಟ್ಟರು. ಅವಳು ಹತ್ತಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಎಲ್ಲರೂ.

ಅಷ್ಟರಲ್ಲಿ ಕಾರ್ಖಾನೆಯಿಂದ ಖಾಲಿ ಟ್ರ್ಯಾಕ್ಟರ್ ತೆಗೆದುಕೊಂಡು ಮಹಾವೀರ ಬಂದರು. ಕಣ್ಣ ತುಂಬ ನಿದ್ದೆ, ತಲೆಯ ತುಂಬ ಧೂಳು. ಅಣ್ಣಾಸಾಹೇಬರು ತಮ್ಮನನ್ನು ಕಂಡು ಜೀವ ಬಂದವರಂತೆ ತಿರುಗಿದರು.

"ನೀನರೆ ಹೇಳೋ ನಿನ್ನ ಹೇಣ್ತಿಗೆ!"

ಮಹಾವೀರ ಕಡಿಮೆ ಮಾತಿನ ಮನುಷ್ಯ. ಅಣ್ಣನ ಎದುರು ಇನ್ನೂ ಕಡಿಮೆ. ಹೆಂಡತಿಯನ್ನು ನೋಡಿದರು, ಎಂಜಿನ್ನು ನೋಡಿದರು, ಟ್ಯೂಬುಗಳನ್ನು ನೋಡಿದರು. "ನಾ ಏನ ಹೇಳಲಿ ಅಣ್ಣಾ?" ಎಂದರು. "ರಿಪೇರಿ ಮಾಡಿದಾಕಿ ಅಕಿ. ನಡಸಾಕಿ ಅಕಿ. ನನಗ ಬೋಟಿನ ಹ್ಯಾಂಡಲ್ ಸುದ್ದಾ ಸರೀಗೆ ಬರೂದಿಲ್ಲ."

ಹೇಳಿ, ಬಾಗಿ, ಹಗ್ಗ ಬಿಚ್ಚಿದರು.

ಅಕ್ಕ ಹ್ಯಾಂಡಲ್ ತಿರುಗಿಸಿದಳು. ದೋಣಿ ದಂಡೆ ಬಿಟ್ಟು ಸರಿಯುವಷ್ಟರಲ್ಲಿ, "ತಡೀ! ನಾನೂ ಬರತೇನಿ!" ಎಂದು ಅಣ್ಣಾಸಾಹೇಬರು ಧೋತರ ಎತ್ತಿ ಹತ್ತಿಯೇಬಿಟ್ಟರು. ಸಿಟ್ಟಿಗೆ ಹತ್ತಿದರೋ ಕಾಳಜಿಗೆ ಹತ್ತಿದರೋ, ನನಗೆ ಇವತ್ತಿಗೂ ತಿಳಿದಿಲ್ಲ. ಬಹುಶಃ ಎರಡಕ್ಕೂ. ಗಂಗವ್ವ ಒಂದು ಟ್ಯೂಬು ಅವರ ಕೈಗಿಟ್ಟಳು. ಇಸ್ತ್ರಿಯ ಧೋತರ, ಬಿಳಿ ಟೋಪಿ, ತೊಡೆಯ ಮೇಲೆ ಟ್ರ್ಯಾಕ್ಟರಿನ ಟ್ಯೂಬು. ಯಾರೂ ನಗಲಿಲ್ಲ. (ನಗದೆ ಕುಳಿತಿದ್ದಕ್ಕೆ ಆ ಹೆಂಗಸರಿಗೆಲ್ಲ ಒಂದೊಂದು ಶಾಲು ಹೊದಿಸಬೇಕು.)

ನಡುಹೊಳೆ ಹತ್ತಿರ ಬಂತು. ಟಾಕಿ ಕಂಠಮಟ್ಟ ತುಂಬಿತ್ತು, ಅಕ್ಕ ಬೇಕಂತಲೇ ತುಂಬಿಸಿದ್ದಳು. ದಿನವೂ ನಿಲ್ಲುವ ಜಾಗ ಎಲ್ಲರಿಗೂ ಗೊತ್ತು. ಎಲ್ಲರ ಕಿವಿ ಎಂಜಿನ್ನಿನ ಮೇಲೆ. ಅಣ್ಣಾಸಾಹೇಬರ ಬೆರಳುಗಳು ಟ್ಯೂಬನ್ನು ಒತ್ತಿ ಹಿಡಿದಿದ್ದವು. ಬಾಂದಾರದ ಸದ್ದು ಎಂಜಿನ್ನಿನ ಸದ್ದಿನಡಿಯಿಂದ ಸಣ್ಣಗೆ ಕೇಳುತ್ತಿತ್ತು. ಅವರು ತಡೆಯಲಾರದೆ ಎದ್ದು ನಿಂತರು.

"ಕೊಡಿಲ್ಲೆ ಚುಕ್ಕಾಣಿ. ನಾ ಹಿಡಿತೇನಿ."

"ಕುಂಡ್ರಿ ಭಾವಾರ" ಎಂದಳು ಅಕ್ಕ, ಎದುರಿನ ದಂಡೆಯಿಂದ ಕಣ್ಣು ತೆಗೆಯದೆ. "ಬೋಟ ಹೊಯ್ದಾಡತೈತಿ."

ಅವರಿಗೆ ಯಾರಾದರೂ "ಕುಂಡ್ರಿ" ಎಂದು ಹೇಳಿ ಎಷ್ಟು ವರ್ಷವಾಗಿತ್ತೋ. ಒಂದು ಗಳಿಗೆ ಹಾಗೇ ನಿಂತಿದ್ದರು. ದೋಣಿ ನಿಜವಾಗಿಯೂ ಹೊಯ್ದಾಡಿತು. ಕುಳಿತರು.

ನಿಲ್ಲುವ ಜಾಗ ಬಂತು, ಹೋಯಿತು. ಎಂಜಿನ್ನು ನಿಲ್ಲಲಿಲ್ಲ.

ಹೆಂಗಸರು ಒಬ್ಬೊಬ್ಬರಾಗಿ ಉಸಿರು ಬಿಟ್ಟರು. ಯಾರೋ ಎಲೆ-ಅಡಿಕೆ ಚೀಲ ಬಿಚ್ಚಿದರು. ಅಣ್ಣಾಸಾಹೇಬರು ಟಾಕಿಯ ಕೆಂಪು ಮುಚ್ಚಳವನ್ನೇ ನೋಡುತ್ತಿದ್ದರು. ನಡುವೆ ಪಿನ್ನಿನಿಂದ ಕೆರೆದ ಗುರುತು.

"ಈ ಬಣ್ಣಾ ನಾನ ಹಚ್ಚಿದ್ದೆ" ಎಂದರು, ಅಕ್ಕನಿಗಷ್ಟೇ ಕೇಳುವಂತೆ. (ನಾನು ಪಕ್ಕದಲ್ಲೇ ಕುಳಿತಿದ್ದೆ, ಅದಕ್ಕೆ ನಾನೇನು ಮಾಡಲಿ?)

"ಗೊತ್ತೈತ್ರಿ."

"ನಿನ್ನೆ ಮಂದಿ ಮುಂದ ಹೇಳಲಿಲ್ಲಲ್ಲ?"

"ತೂತ ಐತಿ ಅನ್ನೂದು ನಮಗೂ ಗೊತ್ತಿರಲಿಲ್ರಿ" ಎಂದಳು ಅಕ್ಕ. "ಅದಕ್ಯಾಕ ಮಂದಿ ಬೇಕ?"

ಅವರು ಟ್ಯೂಬನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು.

ಆಚೆ ದಂಡೆ ಬಂತು. ಹೆಂಗಸರು ಧಡಧಡ ಇಳಿದು ಮೆಣಸಿನ ಸಾಲುಗಳಿಗೆ ನುಗ್ಗಿದರು. ಅಣ್ಣಾಸಾಹೇಬರು ಕೊನೆಗೆ ಇಳಿದರು. ಆ ಹೊಲಕ್ಕೆ ಅವರು ಕಾಲಿಟ್ಟು ಎಷ್ಟೋ ದಿನವಾಗಿತ್ತು. ಗಿಡದ ತುಂಬ ಕಾಯಿ. ಒಂದು ಸಾಲಿನ ತಲೆಯಲ್ಲಿ ನಿಂತು ಕಾಯಿ ಮುಟ್ಟಿ ನೋಡಿದರು, ಬಗ್ಗಿಸಿ ನೋಡಿದರು, ಇನ್ನೊಂದು ಸಾಲಿಗೆ ಹೋದರು. ಏನೋ ಹೇಳಲು ಹುಡುಕುತ್ತಿದ್ದರು. ಕೊನೆಗೆ ತಿರುಗಿ ಬಂದು, ದೋಣಿ ಕಟ್ಟುತ್ತಿದ್ದ ಅಕ್ಕನ ಎದುರು ನಿಂತರು.

"ಎಂಜಿನ್ ಛಲೋ ಐತಿ. ಬೆಳೀನೂ ಛಲೋ ಐತಿ. ಆದರೂ ನನಗ ಒಪ್ಪಿಗಿ ಇಲ್ಲ ನೋಡ್ವಾ."

ಅಕ್ಕ ಹಗ್ಗಕ್ಕೆ ಕೊನೆಯ ಗಂಟು ಹಾಕಿ, ಕೈ ಝಾಡಿಸಿಕೊಂಡು ಎದ್ದಳು.

"ಒಪ್ಪಿಗಿ ಇಲ್ಲದವರೂ ಕುಂಡ್ರಬಹುದ್ರಿ ಭಾವಾರ. ಸಂಜೀಕ ಐದಕ್ಕ ವಾಪಸ್ ಬಿಡತೇನಿ. ತಡಾ ಮಾಡಬ್ಯಾಡ್ರಿ, ನಿಂದರೂದಿಲ್ಲ."

ಐದು ಹೊಡೆಯುವ ಮೊದಲೇ ಅಣ್ಣಾಸಾಹೇಬರು ದಂಡೆಯ ಮೇಲೆ ಬಂದು ನಿಂತಿದ್ದರು.

ಮನೆ ಸೇರಲು ಅವರಿಗಾದರೂ ಬೇರೆ ದೋಣಿ ಎಲ್ಲಿತ್ತು, ಹೇಳಿ?